ಅಮ್ಮ ಬಿಡಿಸಿದ ನಟಿಯರು

ಹೊಲಿಗೆ ಅಂಗಡಿ,
ಮಾರ್ಚ್ 14, ಮಂಗಳವಾರ

ಪ್ರೀತಿಯ ಅಕ್ಕಾ,

ಆರೋಗ್ಯ ಹೇಗಿದೆ? ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಅಮ್ಮನ ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಬೆಳಕಷ್ಟೇ ಗೊತ್ತಾಗುತ್ತದೆ.

ಹಳೆಯ ಚಿತ್ರನಟಿಯರ ಉಡುಪುಗಳ ಬಗ್ಗೆ ನಿನ್ನ ಚಿತ್ರಕಲಾ ಪ್ರದರ್ಶನ ಭಾನುವಾರ ಆರಂಭವಾಗಿದೆ. ಸುದ್ದಿ ತಂದವರು ಎದುರಿನ ಫೋಟೋ ಸ್ಟುಡಿಯೋದವರು, ಪತ್ರಿಕೆ ಸಮೇತ. ‘ಏನಯ್ಯಾ, ನಿಮ್ಮಕ್ಕ ಇಷ್ಟು ದೊಡ್ಡ ಕಲಾವಿದೆ ಅಂತ ಬಾಯೇ ಬಿಡಲಿಲ್ವಲ್ಲ!’ ಎಂದರು. ನನಗೂ ಆಗಲೇ ಗೊತ್ತಾದದ್ದು. ಪತ್ರಿಕೆಯಲ್ಲಿ ನಾಲ್ಕು ಚಿತ್ರಗಳಿವೆ. ನಾಲ್ಕೂ ಅಮ್ಮ ಚಿತ್ರ ಬಿಡಿಸುತ್ತಿದ್ದ ಪುಸ್ತಕದವು. ಕೆಳಗೆ ನಿನ್ನ ಹೆಸರು. ‘ಚಿಕ್ಕಂದಿನಲ್ಲಿ ಟಾಕೀಸಿನ ಕತ್ತಲಲ್ಲಿ ಕೂತು ಬಿಡಿಸಿದೆ’ ಎಂದು ನೀನು ಹೇಳಿದ್ದಾಗಿ ವರದಿಗಾರರು ಬರೆದಿದ್ದಾರೆ.

ಟಾಕೀಸಿನಲ್ಲಿ ನೀನು ನಿದ್ದೆ ಹೊಡೆಯುತ್ತಿದ್ದೆ, ಅಕ್ಕಾ. ನಿನ್ನ ತಲೆಯ ಭಾರ ನನ್ನ ಹೆಗಲಿಗೆ ಗೊತ್ತು. ಒಂದೇ ಸಿನಿಮಾವನ್ನು ಅಮ್ಮ ಮೂರು ಸಲ ನೋಡುತ್ತಿದ್ದಳು: ಮೊದಲ ಸಲ ಕಥೆಗೆ, ಎರಡನೆಯ ಸಲ ತೋಳು ಮತ್ತು ಕುತ್ತಿಗೆಗೆ, ಮೂರನೆಯ ಸಲ ಬೆನ್ನಿಗೆ. ಪೋಸ್ಟರಿನಲ್ಲಿ ನಟಿಯ ಬೆನ್ನು ಕಾಣುವುದಿಲ್ಲ. ಹೊಲಿಯುವವಳಿಗೆ ಬೇಕಾದದ್ದು ಅದೇ. ಉದ್ದ ಗೌನಿನ ನಟಿ ಮೆಟ್ಟಿಲು ಹತ್ತಿ ಮರೆಯಾಗುವಷ್ಟರಲ್ಲಿ, ತೆರೆಯಿಂದ ಕಣ್ಣು ಕೀಳದೆ ಪೆನ್ಸಿಲ್ ಓಡಿಸಿ ಮುಗಿಸುತ್ತಿದ್ದಳು. ‘ಭುಜ ನೋಡೋ, ಒಂಚೂರೂ ಅಲುಗಲ್ಲ! ಅರ್ಧ ಚೆಲುವು ಹೊಲಿದೋರದು, ಇನ್ನರ್ಧ ಅವಳು ನಿಂತ್ಕೊಳ್ಳೋ ರೀತಿದು’ ಎನ್ನುತ್ತಿದ್ದಳು. ಮರುದಿನ ಯಾವುದೋ ಗುಮಾಸ್ತೆ ಹೆಂಗಸಿನ ರವಿಕೆಗೆ ಅದೇ ಬೆನ್ನು ಬರುತ್ತಿತ್ತು. ಆಕೆ ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲುವುದನ್ನು ನಾವು ಪರದೆಯ ಸಂದಿನಿಂದ ನೋಡಿ ನಗುತ್ತಿದ್ದೆವು.

ಬೈಂಡ್ ಮಾಡಿಸಿ ತರುತ್ತೇನೆಂದು ನೀನು ಪುಸ್ತಕ ಒಯ್ದೆ. ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಕೊಟ್ಟವನು ನಾನೇ. ಪ್ರದರ್ಶನಕ್ಕೆಂದು ಕೇಳಿದ್ದರೂ ಅಮ್ಮ ಕುಣಿದಾಡಿ ಕೊಡುತ್ತಿದ್ದಳು. ಹೊಟ್ಟೆ ಉರಿಯುವುದು ಅದಕ್ಕೇ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಮುತ್ತು.

ನಿನ್ನ ತಮ್ಮ,
ಟೇಪು (ನೀನಿಟ್ಟ ಅಡ್ಡಹೆಸರು)

ಇನ್ನೊಂದು ಮಾತು. ವರದಿ ಓದು ಎಂದು ಅಮ್ಮ ಹಟ ಹಿಡಿದಳು. ಚಿತ್ರ ಬಿಡಿಸಿದ್ದು ನೀನು ಎಂದಿದ್ದ ಕಡೆಯೆಲ್ಲ ಅವಳ ಹೆಸರು ಹಾಕಿ ಓದಿಬಿಟ್ಟೆ. ಎರಡು ಸಲ ಓದಿಸಿದಳು. ‘ನನ್ನ ಮಗಳು ನನಗೋಸ್ಕರ ಎಷ್ಟು ಮಾಡಿದಾಳೆ ನೋಡೋ’ ಎಂದು ಅತ್ತಳು. ಈಗ ಪ್ರದರ್ಶನಕ್ಕೆ ಬರಬೇಕಂತೆ. ಪ್ರತಿ ಚಿತ್ರದ ಕೆಳಗಿನ ಚೀಟಿಯನ್ನೂ ಅಲ್ಲಿದ್ದವರಿಂದಲೇ ಓದಿಸಿ ಕೇಳಬೇಕಂತೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದುಕೊಂಡು ಬರುತ್ತೇನೆ.