ಅಮೃತೂರಿನಲ್ಲಿ ಯಾರ ಕಣ್ಣಿಗೂ ಮುಕ್ಕಾಲು ಇಲ್ಲ

ತುಮಕೂರು, 20 ಆಗಸ್ಟ್ 2004, ಶುಕ್ರವಾರ ಮಧ್ಯಾಹ್ನ. ನಮಾಜು ಮುಗಿದಿದೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿ ಇನ್ನೂ ತೆರೆದಿಲ್ಲ.

ನೇತ್ರ ಶಿಬಿರದ ಉಸ್ತುವಾರಿ ಅಧಿಕಾರಿಗಳೇ,

ಕಳೆದ ತಿಂಗಳು ಅಮೃತೂರಿನ ಶಿಬಿರದ ಮೂಲಕ ನೀವು ಹಂಚಿದ 143 ಓದುವ ಕನ್ನಡಕಗಳಲ್ಲಿ 112 ತಪ್ಪು ಪವರಿನವು. ತಪ್ಪು ಮಾಡಿದವನು ನಾನು. ಇದನ್ನು ಎರಡು ಸಲ ಬರೆದು ತಿಳಿಸಿದೆ. ಎರಡು ಸಲವೂ ನೀವು, "ಸದರಿ ಸಂಖ್ಯೆಗಳನ್ನು ಗಣಕಯಂತ್ರದಿಂದ ಪಡೆಯಲಾಗಿದ್ದು, ದೋಷಕ್ಕೆ ಅವಕಾಶವಿರುವುದಿಲ್ಲ" ಎಂದು ಉತ್ತರಿಸಿದಿರಿ. ತಪ್ಪು ಮಾಡಿದವನೇ ಬಂದು ಒಪ್ಪಿಕೊಂಡರೂ ಸ್ವೀಕರಿಸದ ಕಚೇರಿ ಬೇರೆಲ್ಲಾದರೂ ಇದೆಯೇ?

ನಡೆದದ್ದು ಇಷ್ಟು. ವೈದ್ಯರು ಹೇಳಿದ ಪವರನ್ನು ದಾಖಲಿಸಲು ನಾನೊಂದು ಪುಟ್ಟ ಪ್ರೋಗ್ರಾಮ್ ಬರೆದುಕೊಟ್ಟೆ. ಶಿಬಿರದಲ್ಲಿ ಅದು ನಿಮ್ಮ ಕಚೇರಿಗೆ ಯುರೋಪಿನ ಯಾವುದೋ ಸಂಸ್ಥೆ ಉಡುಗೊರೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಓಡಿತು. ಆ ಯಂತ್ರದ ಸೆಟ್ಟಿಂಗಿನಲ್ಲಿ ದೇಶ ಇನ್ನೂ ಅದರ ತವರೇ ಆಗಿತ್ತು. ಆ ದೇಶದವರು ಎರಡೂ ಮುಕ್ಕಾಲನ್ನು ನಮ್ಮಂತೆ ಚುಕ್ಕೆಯಿಟ್ಟು 2.75 ಎಂದು ಬರೆಯುವುದಿಲ್ಲ; ಕಾಮಾ ಇಟ್ಟು 2,75 ಎಂದು ಬರೆಯುತ್ತಾರೆ. ಕನ್ನಡಕ ಮಾಡಲು ನಮ್ಮ ಅಂಗಡಿಗೆ ಕಳಿಸಿದ ಫ್ಲಾಪಿಯಲ್ಲೂ ಹಾಗೆಯೇ ಬಂತು. ಚುಕ್ಕೆಯೊಂದನ್ನೇ ಬಲ್ಲ ನಮ್ಮ ಅಂಗಡಿಯ ಪ್ರೋಗ್ರಾಮ್ ಕಾಮಾದವರೆಗೆ ಓದಿ, ಅಲ್ಲಿಗೆ ಸಂಖ್ಯೆ ಮುಗಿಯಿತೆಂದು ತೃಪ್ತಿಪಟ್ಟು, 2 ಎಂದು ಅಚ್ಚು ಹಾಕಿತು. ಆ ತೃಪ್ತಿಯನ್ನು ಅದಕ್ಕೆ ಕಲಿಸಿದವನು ನಾನೇ.

ನಾನು ಅನುವಾದಿತ ಕಾದಂಬರಿಗಳನ್ನು ಓದುವವನು. ದೂರದ ದೇಶದ ಅಳತೆಯೋ ನಾಣ್ಯವೋ ಎದುರಾದರೆ ಅಡಿಟಿಪ್ಪಣಿ ನೋಡದೆ ಪುಟ ತಿರುಗಿಸುವುದಿಲ್ಲ; ಅನುವಾದಕರು ಮೈಲಿಯ ಲೆಕ್ಕ ತಪ್ಪಿದರೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಿದ್ದುತ್ತೇನೆ. ಇಂಥ ಮನುಷ್ಯನಿಗೆ, ಅಂಕಿಗಳನ್ನೂ ಅನುವಾದ ಮಾಡಬೇಕಾಗುತ್ತದೆ ಎಂದು ಹೊಳೆಯಲಿಲ್ಲ. 0,75 ಇದ್ದವರಿಗೆ ಸೊನ್ನೆ ಪವರು, ಅಂದರೆ ಬರೀ ಗಾಜು, ಅಚ್ಚಾಗಿ ಬಂದಾಗ ಕೂಡ, ಡಾಕ್ಟರು ಧೂಳಿಗೆಂದು ಬರೆದಿರಬೇಕು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಕನ್ನಡಕ ಹಂಚಿದ ವಾರಕ್ಕೆ ಗಂಗಲಕ್ಷ್ಮಮ್ಮ ಎಂಬುವರು ಅಮೃತೂರಿನ ಕಡೆಯಿಂದ ಬಸ್ಸು ಹಿಡಿದು ಅಂಗಡಿಗೆ ಬಂದರು. ಅಲ್ಲಿಯ ಒಂದು ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಕ್ಕಿ ಆರಿಸಿ ಅಡುಗೆ ಮಾಡುವವರು.

"ಕನ್ನಡಕ ಚೆಂದಾಗೈತೆ ಕಣಪ್ಪ, ಮಖಕ್ಕೂ ಒಪ್ತದೆ. ಅಕ್ಕೀಲಿರೋ ಕಲ್ಲು ಮಾತ್ರ ಕಾಣಾಕಿಲ್ಲ."

"ಹೊಸದಲ್ವಾ ಅಮ್ಮ, ಎಂಟು ದಿನ ಹಾಕ್ಕೊಳ್ಳಿ, ರೂಢಿ ಆಗುತ್ತೆ," ಎಂದೆ.

"ಎಂಟ್ ದಿನ ಮಕ್ಳು ಕಲ್ಲು ಅಗೀಬೇಕಾ? ಮೊನ್ನೆ ಒಂದು ಹುಡುಗಿ ಕಟ್ ಅಂತ ಕಡಿದ್ಬುಟ್ಲು. ಇನ್ನೊಂದ್ ಕಲ್ಲು ಸಿಕ್ರೆ ಬೇರೆಯೋರ್ನ ನೋಡ್ಕೊತೀವಿ ಅಂದವ್ರೆ ಶಿವರಾಮಯ್ಯ ಮೇಷ್ಟ್ರು."

"ಕಂಪ್ಯೂಟರ್ ಕೊಟ್ಟಿರೋ ನಂಬರ್ ಅಮ್ಮ, ತಪ್ಪಾಗಲ್ಲ."

"ಅಂಗಾರೆ ನನ್ ಕಣ್ಣೇ ಸುಳ್ಳೇಳ್ತಾವೆ ಬುಡು," ಎಂದು ಶಿಬಿರದ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಹೋದರು. ಕ್ರಮಸಂಖ್ಯೆ 67.

ನಿಮ್ಮ ಉತ್ತರ ಕೈಸೇರಿದಾಗ ನನಗೆ ಕೃತಿಚೌರ್ಯದ ಅನುಮಾನ ಬಂದದ್ದು ಇದೇ ಕಾರಣಕ್ಕೆ. ಆ ವಾಕ್ಯವನ್ನು ನಿಮಗಿಂತ ಮೊದಲು ಹೇಳಿದವನು ನಾನು.

ತಪ್ಪನ್ನು ಹಿಡಿದದ್ದು ನಾನಲ್ಲ, ಯಂತ್ರವೂ ಅಲ್ಲ. ಮರುದಿನ ಗಾಜಿನ ಡಬ್ಬಿಗಳನ್ನು ಜೋಡಿಸುತ್ತಿದ್ದ ನಮ್ಮ ಮಾಲೀಕರು ಖುರ್ಷಿದ್ ಪಾಷಾ ಥಟ್ಟನೆ ಕೂಗಿದರು: "ಏನ್ಲಾ ಮುಜಮ್ಮಿಲ್, ಅಮೃತೂರು ಸುತ್ತಮುತ್ತ ಎಲ್ಲಾರ್ ಕಣ್ಣೂ ರೌಂಡ್ ಫಿಗರ್ರಾ? ಕಾಲು, ಅರ್ಧ, ಮುಕ್ಕಾಲು ಡಬ್ಬಿ ತೆಗ್ದೇ ಇಲ್ವಲ್ಲೋ! ಮೂವತ್ತು ವರ್ಷದಲ್ಲಿ ಇಂಥ ಊರು ನೋಡಿಲ್ಲ ಕಣೋ." ಫ್ಲಾಪಿ ತೆರೆದು ನೋಡಿದೆ. 67ರ ಮುಂದೆ 2,75 ಎಂದಿತ್ತು.

ಪ್ರೋಗ್ರಾಮ್ ಕಾಮಾವನ್ನು ನುಂಗಿ 275 ಎಂದು ಓದಿದ್ದರೆ ಚೆನ್ನಾಗಿತ್ತು. ಅಂಥ ಗಾಜು ಪ್ರಪಂಚದಲ್ಲೇ ಇಲ್ಲ. ಅಂದೇ ನಕ್ಕು ಸರಿಪಡಿಸುತ್ತಿದ್ದೆವು. ನನ್ನ ತಪ್ಪು ನನ್ನಂತೆಯೇ ಸಂಕೋಚದ್ದು. ಗುಂಪಿನಲ್ಲಿ ಯಾರ ಗಮನವನ್ನೂ ಸೆಳೆಯದೆ ಕೂತಿತು. ಗೊತ್ತಿಲ್ಲದ ಗುರುತು ಕಂಡರೆ ಊಹಿಸದೆ, ನಿಂತು ಕೇಳುವ ಯಂತ್ರ ಬೇಕು. ಹಾಗೆ ಕೇಳುವ ಕಚೇರಿಯೂ ಇದ್ದರೆ ಬೇಡವೆನ್ನುವುದಿಲ್ಲ.

ನನ್ನ ಬೇಡಿಕೆ ಒಂದೇ. ಫ್ಲಾಪಿಯಲ್ಲಿ ಕ್ರಮಸಂಖ್ಯೆ ಮತ್ತು ಪವರು ಮಾತ್ರ ಇವೆ. ಯಾವ ಸಂಖ್ಯೆ ಯಾರ ಕಣ್ಣು, ಅವರು ಯಾವ ಊರಿನವರು ಎಂಬುದು ನಿಮ್ಮ ಬೀರುವಿನಲ್ಲಿರುವ ರಿಜಿಸ್ಟರಿನಲ್ಲಿದೆ. ಅದರ ನಕಲು ಕೊಡಿ. ಗಾಜು ಅಂಗಡಿಯದು, ಕೆಲಸ ನನ್ನದು. ಶಿಬಿರದ ವರದಿಯಲ್ಲಿ "ಶೇಕಡಾ ನೂರು ಯಶಸ್ಸು" ಎಂದು ಬರೆದುಬಿಟ್ಟಿದ್ದೀರಿ ಎಂಬ ಕಷ್ಟ ನನಗೆ ಅರ್ಥವಾಗುತ್ತದೆ. ಆ ನೂರರ ಪಕ್ಕದಲ್ಲೊಂದು ಅಡಿಟಿಪ್ಪಣಿ ಹಾಕಿ, ಅದರಲ್ಲಿ ನನ್ನ ಹೆಸರು ಬರೆಯಿರಿ.

ನಿಮ್ಮ ಅಪ್ಪಣೆ ಬೇಕಿಲ್ಲದ ಕನ್ನಡಕ ಒಂದಿದೆ. 67ರದು ಸಿದ್ಧವಾಗಿ ಹತ್ತು ದಿನವಾಯಿತು. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ ಎಂಬುದು ಇಷ್ಟು ದಿನ ನನಗಿದ್ದ ನೆಪ. ಸೋಮವಾರ ಮೊದಲ ಪ್ರೈವೇಟ್ ಬಸ್ಸಿಗೆ ಅಮೃತೂರಿಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಅಕ್ಕಿಯಲ್ಲಿ ಕಲ್ಲು ಉಳಿದದ್ದು ಗಂಗಲಕ್ಷ್ಮಮ್ಮನವರಿಂದಲ್ಲ, ನನ್ನಿಂದ ಎಂದು ಶಿವರಾಮಯ್ಯ ಮೇಷ್ಟ್ರ ಮುಂದೆ ನಿಂತು ಹೇಳಬೇಕು. ಆ ಮಾತನ್ನು ಮೂರು ಸಲ ಬರೆದು ತಿದ್ದಿದ್ದೇನೆ. ಬಾಯಿಬಿಟ್ಟು ಇನ್ನೂ ಒಮ್ಮೆಯೂ ಹೇಳಿ ನೋಡಿಲ್ಲ.

ಇಂತಿ,
ತಪ್ಪೊಪ್ಪಿಕೊಳ್ಳಲು ಸಾಲಿನಲ್ಲಿ ನಿಂತೇ ಇರುವ
ಮುಜಮ್ಮಿಲ್
ಮರಳೂರು