ಉಪ್ಪು ನೋಡುವ ಆಯಿ

ಜುಲೈ ೧೮, ಇಸಳೂರು. ರಾತ್ರಿ ಒಂದೂ ನಲವತ್ತು.

ಧಾತ್ರಿಯ ಕೆಮ್ಮಿಗೆ ಎಚ್ಚರವಾಯಿತು. ನೀರು ಕುಡಿಸಿದೆ, ಗಂಟಲು ಉಜ್ಜಿಕೊಳ್ಳುತ್ತಲೇ ಮಲಗಿದಳು. ನನ್ನ ಗಂಟಲೂ ತುರಿಸುತ್ತಿದೆ. ಎರಡು ವರ್ಷದ ಮಗುವಿಗೆ ಹುಳಿ ಜಾಸ್ತಿ ಬೇಡವೆಂದು ಕೆಸುವಿನ ಸೊಪ್ಪಿನ ಕರಕಲಿ ಗೊಜ್ಜಿಗೆ ವಾಟೆಹುಳಿ ಅರ್ಧವೇ ಹಾಕಿದ್ದೆ. ಹುಳಿ ಕಮ್ಮಿಯಾದರೆ ಕೆಸು ತುರಿಸುತ್ತದೆ ಎಂಬುದೇ ಮರೆತುಹೋಗಿತ್ತು. ಎಂ.ಎಸ್ಸಿ. ಓದಿದ್ದು ದಂಡ.

ಚಿಕ್ಕವಳಿದ್ದಾಗ ಭೈರುಂಬೆಯ ತವರಿನಲ್ಲಿ ಮಳೆಗಾಲವಿಡೀ ಅದೇ ಕರಕಲಿ. ನಾನು ಬಟ್ಟಲು ದೂಡುತ್ತಿದ್ದೆ. ಬಡಿಸುವ ಮೊದಲು ಆಯಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದಳು. "ತಡಿಯೇ, ಉಪ್ಪು ನೋಡ್ತೆ."

"ಆಯಿ ಉಪ್ಪು ನೋಡಿ ಮುಗಿಯಷ್ಟೊತ್ತಿಗೆ ಮಳೆಗಾಲವೇ ಮುಗೀತು!" ಎಂದು ತಮ್ಮ ಅಣಕಿಸುತ್ತಿದ್ದ.

ಉಪ್ಪು ನೋಡಲು ಅಷ್ಟು ಹೊತ್ತು ಯಾರಿಗೆ ಬೇಕು? ಈಗ ಹೊಳೆಯುತ್ತಿದೆ. ಕೆಲವು ದಿನ ಅವಳು ಕೆಮ್ಮುತ್ತಾ ಎದ್ದು ಇನ್ನಷ್ಟು ಹುಳಿ ಹಾಕಿ ಮತ್ತೆ ಕುದಿಸುತ್ತಿದ್ದಳು. ನಮ್ಮ ಗಂಟಲು ಒಂದು ದಿನವೂ ತುರಿಸಲಿಲ್ಲ. ಅಷ್ಟೂ ವರ್ಷ ಆ ತುರಿಕೆಯೆಲ್ಲ ಅವಳೊಬ್ಬಳ ಗಂಟಲಿಗೆ. ಅಬ್ಬಾ, ಆಯಿ.

ಆಯಿಗೆ ಮೂರು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಮಗುವಿನ ಉಸಿರು ಸರಿಯಿದೆ, ತುಟಿ ಬಾತಿಲ್ಲ. ಟಾರ್ಚ್ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದೇನೆ. ಹಾಲು ಕೊಡಲೋ, ಬೆಲ್ಲ ಕೊಡಲೋ? ನಿನಗೆ ಗೊತ್ತಿರುತ್ತದೆ. ಬೆಳಗಾಗುವ ಮೊದಲೇ ಒಮ್ಮೆ ಎದ್ದು ಫೋನ್ ಮಾಡೇ ಆಯಿ, ಹಾಗೇ ನಿನ್ನ ಗಂಟಲು ಈಗ ಹೇಗಿದೆ ಎಂದೂ ಹೇಳು.