ಈ ಸಲ ಚರಗವಿಲ್ಲ

ಸೂಜಿಗುಡ್ಡದ ಕಾವಲು
ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು, ಸೀಗೆ ಹುಣ್ಣಿಮೆಯ ವಾರ

ಬೋರಕ್ಕನಿಗೆ ನಮಸ್ಕಾರ.

ಮೇಲಿನ ಇಸವಿ ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನೀವು ನನಗೆ ಎಂಟು ತಲೆಮಾರು ಹಿಂದಿನವರು, ಅಜ್ಜಿ ಎನ್ನಬೇಕು. ಆದರೆ ಈ ಕಾಗದ ಕೈಸೇರುವಾಗ ನಿಮಗಿನ್ನೂ ಮೂವತ್ತೈದು ತುಂಬಿರುವುದಿಲ್ಲ, ನನಗೋ ಅರವತ್ತು ದಾಟಿದೆ. ಅಜ್ಜಿ ಎಂದರೆ ನೀವು ಜಗಳಕ್ಕೇ ಬಂದೀರಿ. ಅದಕ್ಕೆ ಅಕ್ಕ ಎನ್ನುತ್ತೇನೆ. ನನ್ನ ಹೆಸರು ಪಾಲಮ್ಮ. ನಮ್ಮ ಕಾಲದ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ಇಲ್ಲಿಯ ಮಡಕೆಯವಳು. ಅಡುಗೆಯ ಮಡಕೆಯಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕುರಿ ಮೇಯುವ ಕಾವಲಿಗೆ ಹೋಗಿ, ಹುಲ್ಲಿನ ನಡುವೆ ನೆಲಕ್ಕೆ ಮಡಕೆ ಕವುಚಿ, ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರುವುದೇ ನನ್ನ ಉದ್ಯೋಗ. ಒಳಗೆ ಎಷ್ಟು ಕೆರೆಗಾಳಿ ಇದೆ ಎಂದು ಮಡಕೆಯ ಮೇಲಿನ ಮುಳ್ಳು ತೋರಿಸುತ್ತದೆ. ನೀವು ಮೀಥೇನ್ ಎನ್ನುವುದನ್ನೇ ನಾವು ಕೆರೆಗಾಳಿ ಎನ್ನುತ್ತೇವೆ. ಕೆರೆಯ ಕೆಸರು, ನೀರು ನಿಂತ ಗದ್ದೆ, ದನಕುರಿಗಳ ತೇಗು, ಇವುಗಳಿಂದ ಎದ್ದು ಭೂಮಿಗೆ ಕಾವೇರಿಸುವ ಗಾಳಿ ಅದು. ನಿಮ್ಮ ಕಾವಲಿನ ಮಣ್ಣಿನಲ್ಲಿ ಅದನ್ನೇ ಮೇಯುವ, ಕಣ್ಣಿಗೆ ಕಾಣದ ಜೀವಿಗಳಿವೆ. ನಾವು ಅವನ್ನು ಕಿರುಮಂದೆ ಎಂದು ಕರೆಯುತ್ತೇವೆ. ಅವು ಮೇದಂತೆ ಮುಳ್ಳು ಇಳಿಯುತ್ತದೆ. ಮುಳ್ಳು ಇಳಿದ ದಿನ ನನಗೆ ಊಟ ರುಚಿಸುತ್ತದೆ.

ಕಾವಲಿನದು ಕೆಂಪು ಮರಳುಮಣ್ಣು. ಗಾಳಿ ಸಲೀಸಾಗಿ ಒಳಗಿಳಿಯುತ್ತದೆ, ಕಿರುಮಂದೆಗೆ ಮೇವು ಸಿಗುತ್ತದೆ. ದಾರಿಯಾಚೆಯ ಎರೆಮಣ್ಣು ಮಳೆ ಬಿದ್ದರೆ ಅಂಟಿಕೊಂಡು ಬಾಯಿ ಮುಚ್ಚುತ್ತದೆ, ಅಲ್ಲಿ ಮುಳ್ಳು ಬಲು ಸೋಮಾರಿ. ಹಾಗೆಂದು ಎಲ್ಲವನ್ನೂ ಮಣ್ಣಿನ ತಲೆಗೆ ಕಟ್ಟುವಂತಿಲ್ಲ. ಪಡುವಣ ತುದಿಯಲ್ಲಿಯೂ ಇದೇ ಕೆಂಪು ಮಣ್ಣಿದೆ. ನಿಮ್ಮ ಕಾಲದಲ್ಲಿ ಅದನ್ನು ಉತ್ತು, ಯೂರಿಯಾ ಸುರಿದು, ಮೆಕ್ಕೆಜೋಳ ಬೆಳೆದರು. ಉಳುಮೆ ನಿಂತು ನೂರು ವರ್ಷವಾದರೂ ಅಲ್ಲಿಯ ಕಿರುಮಂದೆ ಇನ್ನೂ ಪೂರ್ತಿ ಕೂಡಿಕೊಂಡಿಲ್ಲ.

ಮಿಕ್ಕ ಕಾವಲು ಉಳಿದದ್ದು ನಿಮ್ಮಿಂದ. ಟ್ರ್ಯಾಕ್ಟರ್ ಬಂದ ದಿನ ನೀವು ಅದರ ಮುಂದೆ ಕಂಬಳಿ ಹಾಸಿ ಕೂತು, “ಇದ್ನೂ ಉತ್ತುಬಿಟ್ರೆ ನನ್ ಕುರಿ ಏನ್ ನಿನ್ ತಲೆ ಮೇಯ್ತಾವೇನೋ?” ಎಂದು ಡ್ರೈವರನನ್ನು ಕೇಳಿದ್ದು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಬೀಳು ನೆಲಕ್ಕೆ ಇಷ್ಟು ರಂಪವೇ ಎಂದು ಊರು ನಕ್ಕಿತಂತೆ. ನಿಮಗೆ ಕೆರೆಗಾಳಿಯ ಗೊಡವೆ ಇರಲಿಲ್ಲ, ಕುರಿಗಳ ಹೊಟ್ಟೆ ತುಂಬಿದರೆ ಸಾಕಿತ್ತು. ಆದರೆ ಈಗಿನ ಕಟ್ಟಳೆ ಬಿಗಿಯಾದದ್ದು: ಕುರಿ ಸಾಕುವ ಊರು ಅವುಗಳ ತೇಗಿಗೆ ತಕ್ಕಷ್ಟು ಗಾಳಿ ಮೇಯುವ ನೆಲವನ್ನೂ ತೋರಿಸಬೇಕು. ನಿಮ್ಮ ಕಾವಲು ಇರುವುದರಿಂದಲೇ ನಮ್ಮ ಹಟ್ಟಿಗಳಲ್ಲಿ ಇನ್ನೂ ಕುರಿಗಳಿವೆ, ಮಗ್ಗದ ಮೇಲೆ ಕಂಬಳಿಯಿದೆ. ಅದು ನಿಮ್ಮ ಋಣ, ಅಕ್ಕ.

ಆ ಋಣ ತೀರಿಸಲು ಹೋಗಿಯೇ ನಾವು ಎಡವಿದೆವು. ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಕಡುಬು ಪಲ್ಯದ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವುದು ನಿಮಗೂ ಗೊತ್ತು. ಹಿಂದೆ ಯಾರೋ ನಿಮ್ಮ ಹೆಸರು ಹೇಳಿ ಕಾವಲಿಗೂ ಒಂದು ಹಿಡಿ ಚೆಲ್ಲಿದರು. ಹಿಡಿ ಬುಟ್ಟಿಯಾಯಿತು. ಆಮೇಲೆ, ತಾಯಿಗೆ ಬರೀ ಕಡುಬು ಸಾಕೇ ಎಂದು ಹಟ್ಟಿಹಟ್ಟಿಯವರು ಪೈಪೋಟಿಗೆ ಬಿದ್ದು ಗಾಡಿಗಟ್ಟಲೆ ಕುರಿಗೊಬ್ಬರ ತಂದು ಹರಡಿದರು. ಕುರಿ ಮೇಯುತ್ತ ಉದುರಿಸುವ ಹಿಕ್ಕೆಯನ್ನು ನೆಲ ತಡೆದುಕೊಳ್ಳುತ್ತದೆ, ಗಾಡಿಗೊಬ್ಬರದ ಸಾರವನ್ನು ತಡೆಯುವುದಿಲ್ಲ. ಅಷ್ಟು ಉಂಡ ಮಣ್ಣಿನಲ್ಲಿ ಕಿರುಮಂದೆ ಗಾಳಿ ಮೇಯುವುದನ್ನೇ ಬಿಟ್ಟಿತು. ಹುಲ್ಲು ಮಾತ್ರ ಸೊಂಟದೆತ್ತರ ಬೆಳೆಯಿತು. ತಾಯಿ ಒಲಿದಳು ಎಂದು ಎಲ್ಲರೂ ಹಿಗ್ಗಿದರು. ಅಲ್ಲಿ ನನ್ನ ಮಡಕೆಯ ಮುಳ್ಳು ಅಲುಗಲಿಲ್ಲ. ಹೀಗೇ ಮುಂದುವರಿದರೆ ಬರುವ ವರ್ಷ ಅರ್ಧ ಕುರಿಮಂದೆಯನ್ನು ಬಿಟ್ಟುಕೊಡಬೇಕಾಗುತ್ತದೆ.

ನಿನ್ನೆ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಚರಗದ ಬುಟ್ಟಿಯನ್ನು ಎಲ್ಲರಿಗಿಂತ ಮುಂದೆ ಹೊರುವ ಗಾದ್ರಪ್ಪಜ್ಜ ಎದ್ದು ನಿಂತರು. “ಅನ್ನ ಕೊಟ್ಟೋಳಿಗೆ ಒಂದ್ ತುತ್ತು ಇಕ್ಬಾರ್ದು ಅಂತೀಯೇನವ್ವ?” ಎಂದು ಕೇಳಿದರು. ನೆಲಕ್ಕೆ ಈಗ ಬೇಕಾದದ್ದು ಉಪವಾಸ, ಅಜ್ಜ ಎಂದೆ. ಆ ನೆಲ ಮತ್ತೆ ಯಾವಾಗ ಗಾಳಿ ಮೇಯುತ್ತದೆ ಎಂದರು. ನಮ್ಮ ಕಾಲಕ್ಕೆ ನೋಡುತ್ತೇವೋ ಇಲ್ಲವೋ, ಆದರೆ ಇನ್ನೂ ಗೊಬ್ಬರ ಕಾಣದ ಮೂಡಣ ಭಾಗ ಉಳಿಯುತ್ತದೆ, ಅದರ ಜೊತೆಗೆ ಕುರಿಗಳೂ ಉಳಿಯುತ್ತವೆ ಎಂದೆ. ಅವರು ಬಹಳ ಹೊತ್ತು ರುಮಾಲಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ಒಪ್ಪಿದರು, ಊರೂ ಒಪ್ಪಿತು. ಹೊರಡುವಾಗ ನನ್ನ ಹತ್ತಿರ ಬಂದು ಹೇಳಿದರು: “ಆಗ್ಲವ್ವ. ಆದ್ರೆ ಕಾವ್ಲು ಉಳ್ಸಿದ ಆ ತಾಯಿ ದಾರಿ ಕಾಯ್ತಾಳೆ. ನಾವು ಬರಲ್ಲ ಅಂತ ಯಾರಾನ ಆಕೆಗೆ ಹೇಳ್ಬೇಕಲ್ಲ.”

ಅದಕ್ಕೇ ಈ ಕಾಗದ, ಬೋರಕ್ಕ. ಹುಣ್ಣಿಮೆಯ ದಿನ ಕಾವಲಿನ ಕಡೆ ಯಾರೂ ಬರದಿದ್ದರೆ ಮುನಿಸಿಕೊಳ್ಳಬೇಡಿ. ನಿಮ್ಮ ಪಾಲಿನ ಕಡುಬನ್ನು ಮನೆಯಲ್ಲೇ ಕೂತು, ನಿಮ್ಮ ಹೆಸರು ಹೇಳಿ, ನಾವೇ ತಿನ್ನುತ್ತೇವೆ.

ನಿಮ್ಮ
ಪಾಲಮ್ಮ